ಹಾಜರಿ ೭೫, ಕಲಿತದ್ದೆಷ್ಟು?

ಮೈಸೂರಿನ ಅಗ್ರಹಾರದಲ್ಲಿ, ಸಾಫ್ಟ್‌ವೇರ್ ಕೆಲಸದಲ್ಲಿರುವ ತರುಣ ತರುಣಿಯರ ಮುಂದೆ ಆಡಿದ ಮಾತುಗಳ ಬರಹರೂಪ



ಪಿಯುಸಿ ಮುಗಿಸಿ ಬಂದವರೇ ಇಲ್ಲಿ ಕೂತಿದ್ದೀರಿ. ಶೇಕಡಾ ೭೫ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಬೆದರಿಕೆ ನಿಮಗೆ ಹೊಸದಲ್ಲ. ಆ ೭೫ನ್ನು ಹೇಗೆ ಸಂಪಾದಿಸಿದಿರಿ ಎಂದು ನಾನು ಕೇಳುವುದಿಲ್ಲ, ನೀವೂ ಹೇಳುವುದು ಬೇಡ. ಕೊನೆಯ ಬೆಂಚು, 'ಎಸ್ ಸಾರ್' ಎಂಬ ಒಂದು ಕೂಗು, ಆಮೇಲೆ ಸುಖನಿದ್ದೆ. ಇನ್ನೂ ಜಾಣರು ಮನೆಯಲ್ಲೇ ಮಲಗಿ, ಪಕ್ಕದ ಗೆಳೆಯನ ಬಾಯಲ್ಲಿ 'ಎಸ್ ಸಾರ್' ಅನ್ನಿಸಿದರು. ರಿಜಿಸ್ಟರಿನ ಪ್ರಕಾರ ಎಲ್ಲರೂ ಹಾಜರು. ರಿಜಿಸ್ಟರಿಗೆ ಗೊತ್ತಿರುವುದು ಅಷ್ಟೇ ಸ್ವಾಮಿ, ಯಾರು ಬಂದರು ಎಂದು. ತಲೆಗೆ ಏನು ಹೋಯಿತು ಎಂದು ಅದಕ್ಕೆ ತಿಳಿಯುವುದಿಲ್ಲ.

ಈಗ ನೀವು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಹೆಬ್ಬಾಳದ ಕಡೆಗೋ ಬೆಂಗಳೂರಿನ ಕಡೆಗೋ ಹೋಗುತ್ತೀರಿ. ಅಲ್ಲಿಯೂ ಅದೇ ೭೫ ನಿಮ್ಮನ್ನು ಬಿಟ್ಟಿಲ್ಲ!

ಸೇಲ್ಸ್‌ಫೋರ್ಸ್‌ನಲ್ಲಿ ಕೆಲಸ ಮಾಡುವವರು ನಿಮ್ಮಲ್ಲಿ ಕೆಲವರಿದ್ದೀರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ಯಾಂಕು, ಆಸ್ಪತ್ರೆ, ಅಂಗಡಿಗಳು ತಮ್ಮ ಗ್ರಾಹಕರ ಲೆಕ್ಕಪತ್ರ ಇಡುವ ದೊಡ್ಡ ವ್ಯವಸ್ಥೆ ಅದು. ಅದರಲ್ಲಿ ಏಪೆಕ್ಸ್ ಎಂಬ ಭಾಷೆಯಲ್ಲಿ ಕೋಡ್ ಬರೆಯುತ್ತಾರೆ. ಆ ಕೋಡನ್ನು ನೇರವಾಗಿ ಪ್ರೊಡಕ್ಷನ್ನಿನಲ್ಲಿ, ಅಂದರೆ ಜನ ನಿಜವಾಗಿ ಬಳಸುವ ಜಾಗದಲ್ಲಿ, ಕೂತು ಬರೆಯುವ ಹಾಗಿಲ್ಲ. ಸ್ಯಾಂಡ್‌ಬಾಕ್ಸ್ ಎಂಬ ತಾಲೀಮಿನ ಅಂಗಳದಲ್ಲಿ ಬರೆದು, ಅಲ್ಲಿಂದ ಡಿಪ್ಲಾಯ್ ಮಾಡಬೇಕು. ಡಿಪ್ಲಾಯ್ ಮಾಡುವಾಗ ಎರಡು ಷರತ್ತು. ಬರೆದ ಟೆಸ್ಟುಗಳೆಲ್ಲ ಪಾಸಾಗಬೇಕು. ಆ ಟೆಸ್ಟುಗಳು ಓಡುವಾಗ ಏಪೆಕ್ಸ್ ಕೋಡಿನ ಕನಿಷ್ಠ ಶೇಕಡಾ ೭೫ ಸಾಲುಗಳು ಒಮ್ಮೆಯಾದರೂ ಓಡಿರಬೇಕು. ಟ್ರಿಗರ್ ಇದ್ದರೆ ಪ್ರತಿ ಟ್ರಿಗರಿನ ಒಂದಿಷ್ಟಾದರೂ ಸಾಲು ಓಡಿರಬೇಕು. ೭೪ ಬಂದರೆ ಗೇಟು ತೆಗೆಯುವುದಿಲ್ಲ. ಇದಕ್ಕೇ ಟೆಸ್ಟ್ ಕವರೇಜ್ ಎಂದು ಹೆಸರು. ಬೇರೆ ಕಡೆ ಬೇರೆ ಅಂಕಿ. ಸೋನಾರ್‌ಕ್ಯೂಬ್ ಎಂಬ ತಪಾಸಣೆಯ ಸಾಧನ ಹೊಸದಾಗಿ ಬರೆದ ಕೋಡಿಗೆ ೮೦ ಕೇಳುತ್ತದೆ.

ಈ ನಿಯಮ ಕೆಟ್ಟದ್ದು ಎಂದು ಹೇಳಲು ನಾನು ಬಂದಿಲ್ಲ. ಈ ಗೇಟು ಇಲ್ಲದಿದ್ದರೆ ನಮ್ಮವರು ಒಂದೂ ಟೆಸ್ಟ್ ಬರೆಯುತ್ತಿರಲಿಲ್ಲ. ಆದರೆ ಗೇಟನ್ನು ಹಾರುವ ವಿದ್ಯೆ ನಮ್ಮವರಿಗೆ ಪಿಯುಸಿಯಲ್ಲೇ ಕರಗತವಾಗಿದೆಯಲ್ಲ, ಅದು ನನ್ನ ತಕರಾರು.

ಲೆಕ್ಕ ನೋಡಿ. ಒಂದು ಕಂಪನಿಯಲ್ಲಿ ೯೦೦೦ ಸಾಲಿನ ಹಳೆಯ ಕೋಡಿದೆ ಎಂದುಕೊಳ್ಳಿ. ಹಿಂದಿನವರು ಪುಣ್ಯವಂತರು, ಅದರಲ್ಲಿ ಶೇಕಡಾ ೮೦ಕ್ಕೆ ಟೆಸ್ಟ್ ಬರೆದಿಟ್ಟಿದ್ದಾರೆ, ಅಂದರೆ ೭೨೦೦ ಸಾಲು. ನೀವು ಹೊಸದಾಗಿ ೧೦೦೦ ಸಾಲು ಬರೆದಿರಿ. ಒಟ್ಟು ೧೦,೦೦೦. ಅದರ ೭೫ ಅಂದರೆ ೭೫೦೦. ನಿಮ್ಮ ಹೊಸ ಸಾವಿರದಲ್ಲಿ ಬರೀ ೩೦೦ ಸಾಲು ಓಡಿದರೆ ಸಾಕು, ಗೇಟು ತೆರೆಯಿತು! ನಿಮ್ಮ ಕೋಡಿನ ೭೦೦ ಸಾಲನ್ನು ಯಾರೂ ಒಮ್ಮೆಯೂ ಓಡಿಸಿ ನೋಡಿಲ್ಲ. ಹಿರಿಯರು ಕೂಡಿಟ್ಟ ಆಸ್ತಿಯ ಮೇಲೆ ಸಾಲ ತೆಗೆದ ಹಾಗೆ ಇದು. ಆಯ್ದ ಟೆಸ್ಟುಗಳನ್ನು ಮಾತ್ರ ಓಡಿಸಿ ಡಿಪ್ಲಾಯ್ ಮಾಡುವ ಇನ್ನೊಂದು ದಾರಿ ಇದೆ. ಅಲ್ಲಿ ಡಿಪ್ಲಾಯ್ ಆಗುವ ಪ್ರತಿ ಕ್ಲಾಸೂ ತನ್ನ ೭೫ನ್ನು ತಾನೇ ದುಡಿಯಬೇಕು. ಅದು ಹೆಚ್ಚು ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ.

ಇನ್ನೊಂದು ಕೈಚಳಕ ಕೇಳಿ. ಶುಕ್ರವಾರ ಸಂಜೆ, ರಿಲೀಸ್ ಇದೆ, ಬಾಸು ತಲೆಯ ಮೇಲೆ ನಿಂತಿದ್ದಾನೆ. ಸಾವಿರ ಸಾಲಿನಲ್ಲಿ ೭೪೦ ಓಡಿದೆ. ೭೪! ಆಗ ಒಬ್ಬ ಮಹಾಶಯ ಒಂದು ಹೊಸ ಕ್ಲಾಸು ಬರೆಯುತ್ತಾನೆ. ಅದರೊಳಗೆ 'ಐ ಪ್ಲಸ್ ಪ್ಲಸ್', 'ಐ ಪ್ಲಸ್ ಪ್ಲಸ್' ಎಂದು ೪೦ ಸಾಲು. ಸೊನ್ನೆಯನ್ನು ಒಂದು ಮಾಡು, ಒಂದನ್ನು ಎರಡು ಮಾಡು. ಆ ಕ್ಲಾಸನ್ನು ಕರೆಯುವ ಒಂದು ಟೆಸ್ಟ್. ಈಗ ೧೦೪೦ ಸಾಲಿನಲ್ಲಿ ೭೮೦ ಓಡಿತು. ಲೆಕ್ಕ ಹಾಕಿ, ಸರಿಯಾಗಿ ೭೫. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಆ ಕಸುಬಿನವರಿಗೆಲ್ಲ ಗೊತ್ತಿರುವ ಹಳೆಯ ಆಟ. ಪ್ರಾಕ್ಸಿ ಹಾಜರಿ ಅಂದರೆ ಇದೇ ತಾನೇ?

ಇದಕ್ಕಿಂತ ಸಭ್ಯವಾಗಿ ಕಾಣುವ ಮೋಸ ಒಂದಿದೆ, ನನಗೆ ಹೆಚ್ಚು ಭಯ ಅದರದ್ದು. ಟೆಸ್ಟ್ ಬರೆಯುತ್ತಾರೆ. ಅದು ಕೋಡನ್ನು ಕರೆಯುತ್ತದೆ. ಕೋಡು ಓಡುತ್ತದೆ. ಮುಗಿಯಿತು. ಓಡಿ ಏನು ಉತ್ತರ ಬಂತು, ಬರಬೇಕಾದ ಉತ್ತರ ಅದೇನಾ ಎಂದು ಕೇಳುವ ಸಾಲು, ಅಂದರೆ ಅಸರ್ಟ್, ಇಲ್ಲವೇ ಇಲ್ಲ. ಎರಡಕ್ಕೆ ಎರಡು ಕೂಡಿಸಿದರೆ ಐದು ಎನ್ನುವ ಕೋಡಿಗೂ ಈ ಟೆಸ್ಟ್ ಶೇಕಡಾ ನೂರು ಕೊಡುತ್ತದೆ. ಕವರೇಜ್ ಎಣಿಸುವುದು ಓಡಿದ ಸಾಲನ್ನು. ಸರಿಯಾಗಿ ಓಡಿತೋ ಎಂದು ಕೇಳಬೇಕಾದವರು ನೀವು.

ಸಾಲು ಓಡಿದರೆ ಸಾಲದು, ಯಾವ ದತ್ತಾಂಶ ಹಿಡಿದು ಓಡಿತು ಎಂಬುದೂ ಮುಖ್ಯ. ೧೯೯೬ರ ಜೂನ್ ೪ರಂದು ಯುರೋಪಿನವರು ಏರಿಯಾನ್ ೫ ಎಂಬ ರಾಕೆಟ್ಟನ್ನು ಫ್ರೆಂಚ್ ಗಯಾನಾದಿಂದ ಮೊದಲ ಬಾರಿ ಹಾರಿಸಿದರು. ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ಅದು ಆಕಾಶದಲ್ಲೇ ಚೂರಾಯಿತು. ನಾಲ್ಕು ಉಪಗ್ರಹಗಳು ಅದರ ಜೊತೆಗೇ ಹೋದವು. ಕಾರಣ? ಹಿಂದಿನ ಏರಿಯಾನ್ ೪ರಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದಿದ್ದ ಕೋಡನ್ನೇ ಇದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ದೊಡ್ಡ ಸಂಖ್ಯೆಯನ್ನು ೧೬ ಬಿಟ್ಟಿನ ಪುಟ್ಟ ಡಬ್ಬಿಗೆ ತುಂಬಲು ಹೋಯಿತು. ಆ ಡಬ್ಬಿಯಲ್ಲಿ ೩೨,೭೬೭ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕೋಡು ಕೈಚೆಲ್ಲಿತು, ರಾಕೆಟ್ಟು ದಿಕ್ಕು ತಪ್ಪಿತು. ಹಳೆಯ ರಾಕೆಟ್ಟಿನಲ್ಲಿ ಸಾವಿರ ಸಲ ಓಡಿದ್ದ ಸಾಲು ಅದು. ಹೊಸ ರಾಕೆಟ್ಟಿನ ಹಾದಿಯ ಅಂಕಿ ಹಿಡಿದು ಯಾರೂ ಓಡಿಸಿ ನೋಡಿರಲಿಲ್ಲ.

ಅಷ್ಟು ದೂರದ ರಾಕೆಟ್ಟು ಬಿಡಿ. ಅರಮನೆಗೆ ಕೂಗಳತೆಯ ಈ ಬೀದಿಗೆ ಬನ್ನಿ. ನೂರೊಂದು ಗಣಪತಿ ಗುಡಿಯ ಪಕ್ಕದ ಬೀದಿಯ ಒಬ್ಬ ಅಜ್ಜಿ ಮೊಬೈಲಿನಲ್ಲಿ ಒಂದು ಅರ್ಜಿ ತುಂಬುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಗ್ಯಾಸಿನದ್ದೋ, ಆಸ್ಪತ್ರೆಯದ್ದೋ. ಹೆಸರು ಎಂದಿರುವ ಕಡೆ ಕನ್ನಡದಲ್ಲಿ 'ವಿಮಲ' ಎಂದು ಬರೆದರು. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ದಯವಿಟ್ಟು ಸರಿಯಾದ ಹೆಸರು ಬರೆಯಿರಿ. ಎಪ್ಪತ್ತು ವರ್ಷ ಹೊತ್ತ ಹೆಸರು ಸರಿಯಿಲ್ಲವಂತೆ! ಹೀಗೆ ಹೇಳಿದ್ದು ಅಮೆರಿಕದ ದೊರೆಯಲ್ಲ. ನಿಮ್ಮ ಹಾಗೆ ಇಲ್ಲೇ ಇಡ್ಲಿ ತಿಂದು ಬಸ್ಸು ಹತ್ತಿದ ಒಬ್ಬ ಹುಡುಗ ಬರೆದ ಒಂದು ಸಾಲು ಅದನ್ನು ಹೇಳಿತು.

ಆ ಸಾಲು ಹೇಗಿರುತ್ತದೆ? ಕೆಲವರು ಎ ಇಂದ ಝಡ್‌ವರೆಗೆ ಮಾತ್ರ ಒಪ್ಪಿಕೋ ಎಂದು ಬರೆಯುತ್ತಾರೆ. ಅವರ ವಿಷಯ ಬೇಡ. ಇನ್ನು ಕೆಲವರು ಒಳ್ಳೆಯ ಮನಸ್ಸಿನವರು, 'ಯಾವ ಭಾಷೆಯ ಅಕ್ಷರವಾದರೂ ಸರಿ' ಎಂದು ಬರೆಯುತ್ತಾರೆ. ಅಲ್ಲಿಯೇ ಎಡವುವುದು. ಯೂನಿಕೋಡ್ ಪಟ್ಟಿಯಲ್ಲಿ ಕ, ಮ, ಲ ಇವು 'ಅಕ್ಷರ' ಎಂಬ ಗುಂಪಿಗೆ ಸೇರಿವೆ. ಗುಣಿಸು, ದೀರ್ಘ, ಕೊಂಬು, ಒತ್ತಕ್ಷರ ಮಾಡುವ ಚಿಹ್ನೆ, ಸೊನ್ನೆ ಇವೆಲ್ಲ 'ಗುರುತು' ಎಂಬ ಬೇರೆ ಗುಂಪಿನವು. ಬರೀ ಅಕ್ಷರವನ್ನು ಒಪ್ಪುವ ಕೋಡು 'ಕಮಲ' ಎಂಬ ಹೆಸರನ್ನು ಒಪ್ಪುತ್ತದೆ, 'ವಿಮಲ' ಎಂಬುದನ್ನು ತಳ್ಳುತ್ತದೆ. ಏಕೆಂದರೆ ವಿ ಎಂಬುದರಲ್ಲಿ ಗುಡಿಸು ಇದೆ. ರಮಣ ಪಾಸು, ಕೃಷ್ಣ ಫೇಲು! ಈಗ ಯೋಚಿಸಿ. ಟೆಸ್ಟ್ ಬರೆದವನು ಕನ್ನಡಾಭಿಮಾನಿಯೇ ಆಗಿ, ಪುಣ್ಯಕ್ಕೆ 'ಕಮಲ' ಎಂಬ ಹೆಸರು ಹಾಕಿ ನೋಡಿದ. ಪಾಸಾಯಿತು. ಸಾಲು ಓಡಿತು. ಕವರೇಜ್ ನೂರಕ್ಕೆ ನೂರು. ಹಸಿರು ದೀಪ. ಗಣಪತಿಗೆ ಕಾಯಿ ಒಡೆದು ಡಿಪ್ಲಾಯ್ ಮಾಡಿದರು. ಕರ್ನಾಟಕದ ಬಹುಪಾಲು ಹೆಸರುಗಳು ಹೊರಗೆ ನಿಂತವು.

ಉದ್ದದ ಕಥೆ ಇನ್ನೊಂದು. ಲಕ್ಷ್ಮೀನಾರಾಯಣ ಎಂಬ ಹೆಸರು ತೆಗೆದುಕೊಳ್ಳಿ. ಕಣ್ಣಿಗೆ ಆರು ಅಕ್ಷರ: ಲ, ಕ್ಷ್ಮೀ, ನಾ, ರಾ, ಯ, ಣ. ಯೂನಿಕೋಡಿನ ಲೆಕ್ಕದಲ್ಲಿ ೧೩ ಸಂಕೇತ. ಯುಟಿಎಫ್-೮ ಎಂಬ ರೀತಿಯಲ್ಲಿ ಉಳಿಸಿದರೆ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟು, ಒಟ್ಟು ೩೯ ಬೈಟು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ೧೫ ಬೈಟು. ಡೇಟಾಬೇಸಿನಲ್ಲಿ ಹೆಸರಿಗೆ ೩೦ ಬೈಟು ಇಟ್ಟಿದ್ದರೆ ಇಂಗ್ಲಿಷ್ ಲಕ್ಷ್ಮೀನಾರಾಯಣ ಕಾಲು ಚಾಚಿ ಮಲಗುತ್ತಾನೆ, ಕನ್ನಡ ಲಕ್ಷ್ಮೀನಾರಾಯಣನಿಗೆ ಮಂಚ ಸಾಲದು. ಕೆಲವು ಕೋಡು ತಪ್ಪು ಎಂದು ಕೂಗುತ್ತದೆ, ಅದು ಎಷ್ಟೋ ವಾಸಿ. ಕೆಲವು ಸದ್ದಿಲ್ಲದೆ ಬಾಲ ಕತ್ತರಿಸಿ ಉಳಿಸುತ್ತದೆ. ಯೂನಿಕೋಡ್ ಹಿಡಿಯದ ಹಳೆಯ ಬಗೆಯ ಕಾಲಂ ಆಗಿದ್ದರಂತೂ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ಒಮ್ಮೆ ಪ್ರಶ್ನೆಯಾಗಿ ಉಳಿದ ಹೆಸರನ್ನು ಮತ್ತೆ ಹೆಸರು ಮಾಡಲು ಯಾವ ಎಂಜಿನಿಯರಿಂದಲೂ ಆಗದು, ಮೂಲ ಕಾಗದ ಹುಡುಕಬೇಕು.

ಲಿಪಿ ಮಾತ್ರವಲ್ಲ, ಹೆಸರಿಡುವ ನಮ್ಮ ರೀತಿಯೇ ಅವರ ಫಾರಮ್ಮಿಗೆ ಹಿಡಿಯುವುದಿಲ್ಲ. ಸೇಲ್ಸ್‌ಫೋರ್ಸ್‌ನ ಕಾಂಟ್ಯಾಕ್ಟ್ ಎಂಬ ದಾಖಲೆಯಲ್ಲಿ ಕೊನೆಯ ಹೆಸರು ಕಡ್ಡಾಯ, ಮೊದಲ ಹೆಸರು ಬಿಟ್ಟರೂ ನಡೆಯುತ್ತದೆ. ಹಳೇ ಮೈಸೂರಿನವರಿಗೆ ಕೊನೆಯ ಹೆಸರು ಎಲ್ಲಿದೆ ಸ್ವಾಮಿ? ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್, ಆಮೇಲೆ ತನ್ನ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಪುಟ್ಟಪ್ಪ ಮನೆತನದ ಹೆಸರಲ್ಲ, ಕುವೆಂಪು ಅವರದ್ದೇ ಹೆಸರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರದ್ದೂ ಹಾಗೆಯೇ. ಇವರನ್ನು 'ಮಿಸ್ಟರ್ ಕುಪ್ಪಳಿ', 'ಮಿಸ್ಟರ್ ದೇವನಹಳ್ಳಿ' ಎಂದು ಕರೆದು ಪತ್ರ ಕಳಿಸುವ ಕೋಡು ಎಷ್ಟಿಲ್ಲ! ಒಂದೇ ಹೆಸರಿನ ಹೆಂಗಸರು ಆ ಜಾಗದಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ. ನಿಮ್ಮ ಟೆಸ್ಟ್ ಕ್ಲಾಸಿನಲ್ಲಿ ಇರುವುದು ಯಾರು? ಮೊದಲ ಹೆಸರು 'ಟೆಸ್ಟ್', ಕೊನೆಯ ಹೆಸರು 'ಯೂಸರ್'. ಈ ಟೆಸ್ಟ್ ಯೂಸರ್ ಎಂಬ ಪುಣ್ಯಾತ್ಮ ಲೋಕದ ಯಾವ ಊರಿನಲ್ಲೂ ಇಲ್ಲ. ಅವನೊಬ್ಬನಿಗಾಗಿ ಎಲ್ಲ ವ್ಯವಸ್ಥೆಯೂ ಸೊಗಸಾಗಿ ನಡೆಯುತ್ತದೆ.

ಹುಡುಕುವ ಕೋಡಿಗೂ ಒಂದು ಮಾತು. ಲೋಕೇಶ ಎಂಬಲ್ಲಿನ 'ಲೋ' ಇದೆಯಲ್ಲ, ಆ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಉಳಿಸಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಲೋಕೇಶರು. ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಕ್ರಮ ಯೂನಿಕೋಡಿನಲ್ಲೇ ಇದೆ, ಒಂದು ಸಾಲು ಸಾಕು. ಆದರೆ ಆ ಸಾಲು ಬೇಕು ಎಂದು ತಿಳಿಯುವುದು ಎರಡೂ ಲೋಕೇಶರನ್ನು ಟೆಸ್ಟಿನಲ್ಲಿ ಎದುರುಬದುರು ನಿಲ್ಲಿಸಿದಾಗ ಮಾತ್ರ. ಅಂಕಿಯೂ ಹಾಗೆ. ಪೈಥಾನ್ ನಮ್ಮ '೧೨' ಎಂಬುದನ್ನು ಸಂಖ್ಯೆ ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ.

'ನಮ್ಮ ಕ್ಲೈಂಟ್ ಅಮೆರಿಕದವನು, ಕನ್ನಡದ ಉಸಾಬರಿ ನಮಗೇಕೆ' ಎಂದು ನಿಮ್ಮ ಬಾಸು ಕೇಳಬಹುದು. ಕೇಳಲಿ, ಸಿಟ್ಟಾಗಬೇಡಿ. ಸಿಟ್ಟಿನಿಂದ ಕೋಡು ನೆಟ್ಟಗಾಗುವುದಿಲ್ಲ. ಉತ್ತರ ಹೇಳಿ. ೨೦೧೮ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಒಂದೇ ಒಂದು ಅಕ್ಷರ ಸಂದೇಶವಾಗಿ ಬಂದರೆ ಐಫೋನಿನ ಆ್ಯಪ್‌ಗಳು ದಬದಬ ಬೀಳುತ್ತಿದ್ದವು. ಆಪಲ್ಲಿನಂಥ ಆಪಲ್ ಕಂಪನಿ ಅದಕ್ಕಾಗಿ ತಿದ್ದಿದ ಆವೃತ್ತಿಯನ್ನು ತರಾತುರಿಯಲ್ಲಿ ಬಿಡಬೇಕಾಯಿತು. ತೆಲುಗರಿಗೆ ಮಾತ್ರ ಆದ ತೊಂದರೆಯಲ್ಲ ಅದು, ಆ ಅಕ್ಷರ ತಲುಪಿದ ಎಲ್ಲರ ಫೋನೂ ಕೈಕೊಟ್ಟಿತು. ಒತ್ತಕ್ಷರ, ಗುಣಿತ, ಮೂರು ಬೈಟು ಎಲ್ಲ ಇರುವ ಕನ್ನಡದ ಹೆಸರು ತಡೆದುಕೊಂಡ ಕೋಡು ಜರ್ಮನಿಯವನ ಚುಕ್ಕಿಯಕ್ಷರಕ್ಕೂ ಅಂಜುವುದಿಲ್ಲ. ಕನ್ನಡ ಬೇಡವೇ ಬೇಡ ಎಂಬುದು ಕ್ಲೈಂಟಿನ ಸ್ಪಷ್ಟ ಬೇಡಿಕೆಯಾಗಿದ್ದರೆ ಅದನ್ನೂ ಟೆಸ್ಟ್ ಮಾಡಿ: ಕನ್ನಡ ಹೆಸರು ಬಂದಾಗ ಮರ್ಯಾದೆಯಿಂದ 'ಇಂಗ್ಲಿಷಿನಲ್ಲಿ ಬರೆಯಿರಿ' ಎನ್ನುತ್ತದೆಯೋ, ಅಥವಾ ಹೆಸರನ್ನೇ ತಪ್ಪೆನ್ನುತ್ತದೆಯೋ ಎಂದು.

ಕ್ಲೈಂಟ್ ಇಲ್ಲಿಯವನೇ ಆಗಿದ್ದರೆ ಆ ನೆಪವೂ ಇಲ್ಲ. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ೧೯೯೮ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು, ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಬೆರಳಿಗೆ ಕನ್ನಡ ಹತ್ತಿತು. ೨೦೦೦ದ ದಶಕದ ಆರಂಭದಲ್ಲೇ 'ಭೂಮಿ' ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ರೈತರ ಹೆಸರುಗಳೆಲ್ಲ ಕನ್ನಡದಲ್ಲೇ. ಟೈಪು ಮಾಡುವ ಕಷ್ಟ ಹಿಂದಿನ ತಲೆಮಾರಿನವರೇ ಕಳೆದಿದ್ದಾರೆ. ಟೈಪಾದದ್ದನ್ನು ಒಪ್ಪಿಕೊಳ್ಳುವ ಕೆಲಸ ನಿಮ್ಮ ಪಾಲಿನದ್ದು.

ಹಾಗಾದರೆ ೭೫ನ್ನು ಮಾನವಾಗಿ ಮುಟ್ಟುವುದು ಹೇಗೆ? ವಿಮಾನದ ಸಾಫ್ಟ್‌ವೇರ್ ಬರೆಯುವವರನ್ನು ನೋಡಿ, ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಿಗೆ ಡಿಒ-೧೭೮ ಎಂಬ ಕಟ್ಟಳೆ ಇದೆ, ಅದರ 'ಬಿ' ಆವೃತ್ತಿ ೧೯೯೨ರದ್ದು. ತಪ್ಪಿದರೆ ವಿಮಾನವೇ ಬೀಳುವಂಥ ಕೋಡಿಗೆ ಅಲ್ಲಿ ಬರೀ ಸಾಲು ಓಡಿದರೆ ನಡೆಯುವುದಿಲ್ಲ. ಒಂದು ತೀರ್ಮಾನದೊಳಗಿನ ಪ್ರತಿ ಷರತ್ತೂ ತಾನೊಂದೇ ಆ ತೀರ್ಮಾನವನ್ನು ಬದಲಿಸಬಲ್ಲದು ಎಂದು ತೋರಿಸಬೇಕು. ಅಷ್ಟು ಕಠಿಣ ನಮಗೆ ಬೇಡ. ಕಲಿಯಬೇಕಾದ್ದು ಅವರ ಕ್ರಮವನ್ನು. ಅವರು ಕೋಡನ್ನು ನೋಡಿಕೊಂಡು ಟೆಸ್ಟ್ ಬರೆಯುವುದಿಲ್ಲ, ಏನು ಬೇಕು ಎಂಬ ಬೇಡಿಕೆಪಟ್ಟಿ ಮುಂದಿಟ್ಟು ಬರೆಯುತ್ತಾರೆ. ಬರೆದು ಓಡಿಸಿದ ಮೇಲೆ ಕವರೇಜ್ ನೋಡುತ್ತಾರೆ, ಓಡದೇ ಉಳಿದದ್ದು ಯಾವುದು, ಏಕೆ ಎಂದು. ಅಂದರೆ ಕವರೇಜ್ ಅವರಿಗೆ ಗುರಿಯಲ್ಲ, ಟಾರ್ಚು.

ನೀವೂ ಹಾಗೇ ಮಾಡಿ. ಡೆವಲಪರ್ ಕನ್ಸೋಲಿನಲ್ಲಿ ಓಡಿದ ಸಾಲು ನೀಲಿ, ಓಡದ ಸಾಲು ಕೆಂಪು. ಕೆಂಪು ಸಾಲಿನ ಮುಂದೆ ಕೂತು ಕೇಳಿ, ಇದು ಯಾವಾಗ ಓಡಬೇಕು? ಉತ್ತರ ಸಿಕ್ಕರೆ ಆ ಸಂದರ್ಭಕ್ಕೊಂದು ಟೆಸ್ಟ್, ಅದರ ಕೊನೆಗೆ ಅಸರ್ಟ್. ಯಾವಾಗಲೂ ಓಡುವುದಿಲ್ಲ ಎಂದಾದರೆ ಅದು ಸತ್ತ ಕೋಡು, ಅಳಿಸಿ. ಆ ಶುಕ್ರವಾರದ ಲೆಕ್ಕಕ್ಕೆ ಬನ್ನಿ: ಸಾವಿರದಲ್ಲಿ ೭೪೦. ನಲವತ್ತು ಸುಳ್ಳು ಸಾಲು ಸೇರಿಸಿದ ಮಹಾಶಯ ೧೪ ಸತ್ತ ಸಾಲು ಅಳಿಸಿದ್ದರೆ ೯೮೬ರಲ್ಲಿ ೭೪೦ ಆಗುತ್ತಿತ್ತು, ೭೫ ದಾಟುತ್ತಿತ್ತು! ಒಂದೊಂದೇ ದಾಖಲೆ ಹಾಕಿ ನೋಡಿ ಸುಮ್ಮನಾಗಬೇಡಿ, ಟ್ರಿಗರಿಗೆ ದಾಖಲೆಗಳು ಒಮ್ಮೆಗೆ ೨೦೦ರ ಕಂತೆಯಲ್ಲಿ ಬರುತ್ತವೆ. ಇನ್ನೂರು ಹಾಕಿಯೇ ನೋಡಿ. ಟೆಸ್ಟಿನಲ್ಲಿ ಹಾಕಿದ ದಾಖಲೆ ಟೆಸ್ಟ್ ಮುಗಿದೊಡನೆ ತಾನೇ ಅಳಿಯುತ್ತದೆ, ಹಾಗಾಗಿ 'ಕನ್ನಡ ಹಾಕಿದರೆ ಡೇಟಾ ಕೆಡುತ್ತದೆ' ಎನ್ನುವವನ ಮಾತು ನಂಬಬೇಡಿ. ನೂರಕ್ಕೆ ನೂರರ ಹಟವೂ ಬೇಡ. ಎಂದೋ ಒಮ್ಮೆ ಬರುವ ದೋಷ ಹಿಡಿಯುವ ಎರಡು ಸಾಲಿಗಾಗಿ ಎರಡು ದಿನ ಕಳೆಯುವ ಬದಲು ಆ ಹೊತ್ತಿನಲ್ಲಿ ನಾಲ್ಕು ಒಳ್ಳೆಯ ಹೆಸರು ಹಾಕಿ ನೋಡಿ.

ಟೆಸ್ಟಿನಲ್ಲಿ ಯಾರ ಹೆಸರಿರಬೇಕು ಎಂದು ಯಾವ ಬಾಸೂ ನಿಮಗೆ ಆದೇಶ ಕೊಡುವುದಿಲ್ಲ. ಆ ಒಂದು ಸಾಲು ಪೂರ್ತಿ ನಿಮ್ಮ ಕೈಯಲ್ಲಿದೆ. ಹಲಗೆಯ ಮೇಲೆ ಕೆಲವನ್ನು ಬರೆದಿದ್ದೇನೆ: ವಿಮಲ, ಕೃಷ್ಣ, ಲಕ್ಷ್ಮೀನಾರಾಯಣ, ಎರಡು ಬಗೆಯ ಲೋಕೇಶ, ಜ್ಞಾನೇಶ್ವರಿ. ಕೊನೆಗೆ ರ‍್ಯಾಂಕ್ ಎಂಬ ಪದ. ಅದು ಹೆಸರಲ್ಲ, ಆದರೂ ಬಿಡಬೇಡಿ. ಅದರಲ್ಲಿ 'ರ' ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಇದೆ. ಅದು ಇದ್ದರೆ ರಕಾರ ಪೂರ್ತಿ ನಿಂತು ಯಕಾರ ಒತ್ತಾಗುತ್ತದೆ. ಇಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹಾರಿ 'ರ್ಯಾಂಕ್' ಆಗುತ್ತದೆ. 'ಕಾಣದ ಕಸವನ್ನೆಲ್ಲ ತೆಗೆದು ಶುದ್ಧ ಮಾಡು' ಎಂಬ ಕೋಡು ನಿಮ್ಮಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಈ ಪದವನ್ನು ಅದರೊಳಗೆ ಕಳಿಸಿ, ಹೊರಗೆ ಬಂದದ್ದು ಒಳಗೆ ಹೋದದ್ದೇನಾ ಎಂದು ಅಸರ್ಟ್ ಮಾಡಿ. ನಾಳೆ ಬೆಳಿಗ್ಗೆಯೇ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.